ನೀಲಿ ಹೂವಿನ ಕಪ್ಪು-ಬಶಿ

1944ರಲ್ಲಿ ನಾನು ಪುಣೆಯ ಭವಾನಿ ಪೇಠೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ವರ್ಗದ ಶಿಕ್ಷಕಿಯಾಗಿದ್ದೆ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದು ಎರಡು ವರ್ಷವಾಗಿತ್ತು. ವಯಸ್ಸು ಇಪ್ಪತ್ಮೂರು, ಎಲ್ಲ ಅರೆದು ಕುಡಿದಿದ್ದೇನೆ ಎಂಬ ಗತ್ತು ಮಾತ್ರ ಐವತ್ತರದು.

ಶಾಲೆಯ ಮೇಲಂತಸ್ತಿನಲ್ಲಿ ಮರಾಠಿ ವರ್ಗಗಳು, ಕೆಳಗೆ ಎರಡು ಕೋಣೆಗಳಲ್ಲಿ ನಮ್ಮವು. ವಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರ ಮಕ್ಕಳೇ ಹೆಚ್ಚು. ಅಪ್ಪ ಧಾನ್ಯದ ಪೇಟೆಯಲ್ಲಿ ಹಮಾಲ, ಅವ್ವ ಅಲ್ಲೇ ಕಾಳು ಹಸನು ಮಾಡುವವಳು. ಇಬ್ಬರೂ ನಸುಕಿನಲ್ಲೇ ಹೊರಟರೆ ಮಕ್ಕಳ ಮಧ್ಯಾಹ್ನದ ಊಟ ದೇವರಿಗೇ ಬಿಟ್ಟದ್ದು. ಸಾಲದ್ದಕ್ಕೆ ಯುದ್ಧದ ಕಾಲ. ಜೋಳ, ಸಕ್ಕರೆ ಎಲ್ಲವೂ ರೇಶನ್ನಿನಲ್ಲಿ ಸಿಗುತ್ತಿದ್ದವು.

ಮೂರನೆಯ ಇಯತ್ತೆಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಪಾಠ ಓದಿಸಿದರೆ ಗಂಟೆ ಬಾರಿಸಿದಂಥ ಕಂಠ. ಒಂದೇ ತಕರಾರು ಎಂದರೆ ಮಧ್ಯಾಹ್ನದ ಸುಟ್ಟಿಯಲ್ಲಿ ನಳದ ಕೆಳಗೆ ಬೊಗಸೆ ಒಡ್ಡಿ ಕೂತಳೆಂದರೆ ಏಳುತ್ತಲೇ ಇರಲಿಲ್ಲ. "ನೀರಾಟ ಸಾಕು, ಏಳು" ಎಂದು ನಾನೇ ಎಷ್ಟೋ ಸಲ ಗದರಿಸಿದ್ದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಒಂದು ದಿನ ಅವಳ ತಾಯಿ ಬಸವ್ವ ಶಾಲೆಗೆ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕೋರ, ಮುಂದಿನ ತಿಂಗಳಿಂದ ಕಸ್ತೂರಿನ್ನ ನನ್ನ ಜೋಡಿ ಪೇಟಿಗೆ ಕರ್ಕೊಂಡು ಹೋಗ್ತೇನ್ರಿ. ಅಲ್ಲಿ ಒಂದು ಮುಷ್ಟಿ ಪುಠಾಣಿನಾರ ಬಾಯಿಗೆ ಬೀಳತಾವ."

ನಾನು ಅವಳನ್ನು ತಡೆದೆ. ಊರಿನ ಕೆಲವು ದಾನಿಗಳು ಸಮಿತಿ ಕಟ್ಟಿಕೊಂಡು, ದುಡಿಯುವವರ ಮಕ್ಕಳಿಗೆ ಶಾಲೆಯಲ್ಲೇ ಮಧ್ಯಾಹ್ನದ ಊಟ ಕೊಡಲು ಮುಂದೆ ಬಂದಿದ್ದರು. ಆದರೆ ಎಲ್ಲರಿಗೂ ಅಲ್ಲ. ಶಿಕ್ಷಕರು ಮನೆ ಮನೆಗೆ ಹೋಗಿ, ಸ್ಥಿತಿಗತಿ ಕಣ್ಣಾರೆ ಕಂಡು, ಛಾಪಿಸಿದ ಫಾರ್ಮಿನಲ್ಲಿ 'ಅರ್ಹರು' ಇಲ್ಲವೆ 'ಅರ್ಹರಲ್ಲ' ಎಂದು ಬರೆಯಬೇಕು. "ಬರುವ ರವಿವಾರ ನಿಮ್ಮ ಚಾಳಿನ ಮನೆಗಳಿಗೆ ಬರುತ್ತೇನೆ, ಅಲ್ಲಿಯ ತನಕ ತಾಳು" ಎಂದೆ. ಹೇಳಿ ಹೋಗುವುದು ಮರ್ಯಾದೆ ಎಂದುಕೊಂಡಿದ್ದೆ, ಎಡವಿದ್ದು ಅಲ್ಲಿಯೇ.

ರವಿವಾರ ಬೆಳಿಗ್ಗೆ ಬಸವ್ವನ ಮನೆಯಿಂದಲೇ ಶುರು ಮಾಡಿದೆ. ಒಂದೇ ಖೋಲಿ, ಹಿಂದೊಂದು ಸಣ್ಣ ಬಾಗಿಲು. ನೆಲಕ್ಕೆ ಕೆಂಪು ಪಟ್ಟೆಯ ಜಮಖಾನೆ ಹಾಸಿತ್ತು. "ಏನು ಅಡಿಗೆ?" ಎಂದು ಕೇಳಿದರೆ "ಅನ್ನ, ಸಾರು, ಪಲ್ಯಾ ಎಲ್ಲಾ ಆಗೇದ್ರಿ" ಎಂಬ ಉತ್ತರ. ಆಮೇಲೆ ಚಹಾ ಬಂತು. ನೀಲಿ ಹೂವಿನ ಪಿಂಗಾಣಿ ಕಪ್ಪು, ಅದಕ್ಕೆ ಒಪ್ಪುವ ಬಶಿ, ಅಂದರೆ ಸಾಸರು. ಬಶಿಯ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಹಾರಿತ್ತು. ಚಹಾದಲ್ಲಿ ಹಾಲು, ಮೇಲೆ ಧಾರಾಳವಾಗಿ ಸಕ್ಕರೆ! ಆ ತಿಂಗಳು ನಾನೇ ಬೆಲ್ಲದ ಚಹಾ ಕುಡಿಯುತ್ತಿದ್ದೆ. ಹೊಟ್ಟೆಗಿಲ್ಲ ಎಂದು ಬಂದವಳು ನನ್ನ ಕಣ್ಣಿಗೆ ಮಣ್ಣೆರಚಿದಳಲ್ಲ ಎಂದು ನಖಶಿಖಾಂತ ಉರಿಯಿತು. ಹೊರಗೆ ಕಟ್ಟೆಯ ಮೇಲೆ ಕೂತು, ಮಸಿಯಲ್ಲಿ ದಪ್ಪಗೆ 'ಅರ್ಹರಲ್ಲ' ಎಂದು ಬರೆದೆ.

ಎರಡನೆಯ ಮನೆಯಲ್ಲೂ ಜಮಖಾನೆ, ಸಕ್ಕರೆ ಚಹಾ. 'ಅರ್ಹರಲ್ಲ.' ಮೂರನೆಯ ಮನೆಯಲ್ಲಿ ಬಶಿ ಕೈಗೆ ಬಂದಾಗ ಬೆರಳಿಗೆ ಏನೋ ತಾಗಿತು. ನೋಡಿದರೆ ಅದೇ ಚಕ್ಕೆ, ಅದೇ ನೀಲಿ ಹೂವು. ಕಪ್ಪು ತೊಳೆದ ನೀರಿನ್ನೂ ಆರಿರಲಿಲ್ಲ. ನೆಲದ ಮೇಲೂ ಅದೇ ಕೆಂಪು ಪಟ್ಟೆ. ನಾನು ಕಟ್ಟೆಯ ಮೇಲೆ ಫಾರ್ಮು ತುಂಬುತ್ತಿದ್ದಾಗ ಈ ಜಮಖಾನೆ, ಕಪ್ಪು-ಬಶಿ ಎಲ್ಲ ಹಿಂಬಾಗಿಲಿನಿಂದ ನನಗಿಂತ ಮೊದಲೇ ಮುಂದಿನ ಮನೆ ಸೇರುತ್ತಿತ್ತು.

ಕಪ್ಪನ್ನು ಹಾಗೇ ಕೆಳಗಿಟ್ಟೆ. ಎದ್ದು ನೇರ ಬಸವ್ವನ ಮನೆಗೆ ವಾಪಸು ಬಂದೆ. ಬರಿಯ ನೆಲದ ಮೇಲೆ ಕೂತು ಅವಳು ಒಲೆಯ ತಣ್ಣಗಿನ ಬೂದಿ ಬಳಿಯುತ್ತಿದ್ದಳು. ಅನ್ನವೂ ಇಲ್ಲ, ಸಾರೂ ಇಲ್ಲ.

"ಸಕ್ಕರೆ ಎಲ್ಲಿಂದ ಬಂತು ಬಸವ್ವ?"

"ಎಲ್ಲಾರ ಮನ್ಯಾಂದೂ ಚಿಮಟಿ ಚಿಮಟಿ ಕೂಡಿಸಿದ್ವಿರಿ."

"ನಾನು ಊಟಕ್ಕೆ ಹೆಸರು ಬರೆದುಕೊಳ್ಳಲು ಬಂದವಳು. ಇದ್ದದ್ದು ಇದ್ದ ಹಾಗೆ ತೋರಿಸಬಾರದೆ?"

ಅವಳು ತಲೆ ಎತ್ತಲಿಲ್ಲ. "ಗೊತ್ತಿತ್ರಿ. ಆದ್ರ ಅಕ್ಕೋರು ಮೊದಲನೇ ಸಲ ಮನಿಗೆ ಬರತಾರಂದ್ರ ಖಾಲಿ ಒಲಿ ತೋರಸೂದು ಹ್ಯಾಂಗ್ರಿ?"

ನಮ್ಮ ಅವ್ವನಾದರೂ ಅದನ್ನೇ ಮಾಡುತ್ತಿದ್ದಳು.

ಸೋಮವಾರ ಹೆಡ್ ಮಾಸ್ತರರ ಮುಂದೆ ಎಲ್ಲ ಹೇಳಿದೆ. ಬೆಳಗಾವಿಯವರು, ಕಾಗದದ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಫಾರ್ಮುಗಳು ಅಂದು ಸಂಜೆಯೇ ಸಮಿತಿಗೆ ಹೋಗಬೇಕಿತ್ತು.

"ಸಹಿ ಆದ ಫಾರ್ಮ್ ಸುಮ್ಮನ ತಿದ್ದಾಕ ಬರಂಗಿಲ್ಲ ಅಕ್ಕೋರ. ಸಮಿತಿಗೆ ಕಪ್ಪು-ಬಶಿ ಕಥಿ ಹೇಳ್ಲೇನು? ಕಣ್ಣಿಲೆ ಕಂಡ ಪುರಾವೆ ಏನದ?"

ಆ ಕ್ಷಣಕ್ಕೆ ನನಗೆ ನಳ ನೆನಪಾಯಿತು. ತಿಂಗಳುಗಟ್ಟಲೆ ಕಣ್ಣೆದುರಿಗಿದ್ದ ಪುರಾವೆ! "ಮಧ್ಯಾಹ್ನ ಸುಟ್ಟಿಯಾಗ ನನ್ನ ಜೋಡಿ ನಳದ ಹತ್ರ ನಿಂದರ್ರಿ ಸರ್, ಅಷ್ಟು ಸಾಕು" ಎಂದೆ.

ಗಂಟೆ ಹೊಡೆಯಿತು. ರೊಟ್ಟಿ ತಂದ ಮಕ್ಕಳು ಗಂಟು ಬಿಚ್ಚಿ ಬೇವಿನ ನೆರಳಲ್ಲಿ ಕೂತರು. ಉಳಿದವರು ನೇರ ನಳಕ್ಕೆ ಓಡಿದರು. ಹೊಟ್ಟೆ ತುಂಬುವಷ್ಟು ಕುಡಿದು, ಗಲಾಟೆ ಮಾಡುತ್ತ ಆಟಕ್ಕೆ ಹೊರಟರು. ಕಸ್ತೂರಿಯದು ಕೊನೆಯ ಸರದಿ. ಅವಳು ಮುಖ ಎತ್ತಿದಾಗ ಗದ್ದದಿಂದ ನೀರು ಇಳಿಯುತ್ತಿತ್ತು.

"ಉಂಡ್ಯೇನವ್ವಾ?" ಎಂದು ಮಾಸ್ತರರು ಕೇಳಿದರು.

"ಹೂಂನ್ರಿ ಸರ್, ಹೊಟ್ಟಿ ತುಂಬೇದ."

ಅವಳೂ ಬಸವ್ವನ ಮಗಳೇ. ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಕೋಣೆಗೆ ಬಂದು ನನ್ನ ಫಾರ್ಮುಗಳನ್ನು ಹರಿದು, ಹೊಸವನ್ನು ಮುಂದೆ ತಳ್ಳಿದರು.

"ನಳಕ್ಕ ಬಂದವ್ರ ಹೆಸರು ಬರೀರಿ. ಸಮಿತಿ ಕೇಳಿದ್ರ ನಾ ಕಂಡೇನಿ ಅಂತ ಹೇಳ್ತೇನಿ."

ಸಮಿತಿ ಕೇಳಲಿಲ್ಲ. ಮುಂದಿನ ತಿಂಗಳಿಂದ ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಜೋಳದ ಭಕ್ಕರಿ, ಬೇಳೆ ಬೇಯತೊಡಗಿದವು. ಆ ಒಗ್ಗರಣೆಯ ವಾಸನೆಗೆ ಹನ್ನೊಂದೂವರೆಯಿಂದಲೇ ಮಗ್ಗಿ ತಪ್ಪುತ್ತಿದ್ದ ಮಕ್ಕಳು ಈಗಲೂ ಕಣ್ಣಿಗೆ ಕಟ್ಟಿದ್ದಾರೆ. ಕಸ್ತೂರಿ ಪೇಟೆಗೆ ಹೋಗಲಿಲ್ಲ. ನಾನು ಆ ಶಾಲೆ ಬಿಡುವಾಗ ಏಳನೆಯ ಇಯತ್ತೆಯಲ್ಲಿದ್ದಳು.

ಮೂವತ್ತು ವರ್ಷ ನೌಕರಿ ಮಾಡಿದೆ. ಇಂಥ ಪಟ್ಟಿ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆದರೆ ಹಸಿವು ವಿಚಾರಿಸಲು ಮತ್ತೆ ಯಾರ ಮನೆಗೂ ಹೋಗಲಿಲ್ಲ. ಸುಟ್ಟಿಯ ಗಂಟೆ ಹೊಡೆದ ಮೇಲೆ ಸುಮ್ಮನೆ ನಳದ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ ಪಾಠ ಅಷ್ಟೇ.

ಬಸವ್ವನ ಮನೆಗೆ ಮಾತ್ರ ಆಮೇಲೂ ಹೋದೆ, ಫಾರ್ಮು ಇಲ್ಲದೆ. ಒಮ್ಮೆ ದಾರಿಯಲ್ಲಿ ಸಿಕ್ಕವಳು "ಬರ್ರಿ ಅಕ್ಕೋರ" ಎಂದು ಕೈ ಹಿಡಿದು ಕರೆದೊಯ್ದಳು. ಜಮಖಾನೆ ಇರಲಿಲ್ಲ. ಹಿಂಬಾಗಿಲಿನಿಂದ ಯಾರೂ ಬರಲಿಲ್ಲ. ನಗ್ಗಿದ ಹಿತ್ತಾಳೆ ಲೋಟದಲ್ಲಿ ಹಾಲಿಲ್ಲದ ಬೆಲ್ಲದ ಚಹಾ ಕೊಟ್ಟು, ತಾನೂ ಒಂದು ಬಟ್ಟಲಲ್ಲಿ ಹಾಕಿಕೊಂಡು ನನ್ನೆದುರಿಗೆ ಕೂತಳು.

"ಮನ್ಯಾಗ ಇವತ್ತು ಏನೂ ಇಲ್ರಿ" ಎಂದು ನಕ್ಕಳು.

ಅಂದು ನಾನು ಅವಳ ಮನೆಯವಳಾದೆ.