ಸೊಂಟಕ್ಕೆ ಸುತ್ತಿದ ಸನ್ಮಾನದ ಶಾಲು

ನಮ್ಮ ರಾಯದುರ್ಗದ ಆರ್ಕೆಸ್ಟ್ರಾದವರೆಲ್ಲ ಹಗಲು ಜೀನ್ಸ್ ಹೊಲಿಯುವವರೇ. ಗಿಟಾರ್ ನುಡಿಸುವ ಗೆಳೆಯನಿಗಂತೂ ಹೊಲಿದ ಪ್ಯಾಂಟಿನಲ್ಲಿ ಉಳಿದ ದಾರದ ತುದಿಗಳನ್ನು ತೆಗೆಯುವುದೇ ಕೆಲಸ. ಮದುವೆಮನೆಗೆ ಹೋದರೂ ಅವನ ಕಣ್ಣು ಜನರ ಬಟ್ಟೆಯ ಮೇಲೆಯೇ.

ಹಾಡುವವನು ನಾನು. ಮಡಕಶಿರದ ಆರತಕ್ಷತೆಯೊಂದಕ್ಕೆ ಕರೆ ಬಂದಾಗ ಖುಷಿಗಿಂತ ಭಯವೇ ಹೆಚ್ಚಾಯಿತು. ನಾನು ಮೆಚ್ಚಿದ್ದ ಹುಡುಗಿಯದು ಅದೇ ಕಡೆಯ ಹಳ್ಳಿ. ಹಿಪ್ಪುನೇರಳೆ ಬೆಳೆಯುವ ಅವಳಪ್ಪ, "ಸ್ಟೇಜ್ ಮೇಲೆ ಕುಣಿಯೋನಿಗೆ ಹೆಣ್ಣು ಕೊಡಾದಾ?" ಎಂದು ಸಂಬಂಧದ ಮಾತನ್ನೇ ನಿಲ್ಲಿಸಿದ್ದರು. ಅವತ್ತು ಮೊದಲ ಸಾಲಿನಲ್ಲಿ ಅವರು, ಪಕ್ಕದಲ್ಲಿ ಅವಳು. ಗಂಭೀರವಾಗಿ ಕಾಣಲೆಂದು ಕೈಕಾಲು ಅಲ್ಲಾಡಿಸದೆ ಹಾಡಿದೆ.

ಎರಡನೆಯ ಹಾಡಿನಲ್ಲಿ, ನನ್ನ ಹೊಸ ಜೀನ್ಸಿನ ಹಿಂಬದಿ ಜೋತಾಡುತ್ತಿದ್ದ ದಾರ ಗಿಟಾರಿನವನ ಕಣ್ಣಿಗೆ ಬಿತ್ತು. ನುಡಿಸುವುದು ಬಿಟ್ಟು ಎಳೆದೇಬಿಟ್ಟ. ಜೀನ್ಸಿನ ಹಿಂಬದಿಗೆ ಹಾಕುವ ಸರಪಳಿ ಹೊಲಿಗೆಯ ತುದಿ ಸಿಕ್ಕರೆ ಸಾಕು, ಅಕ್ಕಿಮೂಟೆಯ ಬಾಯಿಯಂತೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಿತು.

"ತಪ್ಪಾತ್ರಿ ಅಣ್ಣ, ಕೈ ಸುಮ್ನಿರ್ಲಿಲ್ರಿ" ಎಂದ. ದಾರ ಇನ್ನೂ ಅವನ ಕೈಯಲ್ಲೇ ಇತ್ತು.

ಹಾಡುತ್ತಲೇ ಹಿಂದಕ್ಕೆ ಹಿಂದಕ್ಕೆ ಸರಿದೆ. ಡ್ರಮ್ಸ್‌ಗೆ ತಾಗಿ ಅದರ ಕಂಚಿನ ತಾಳ ಧಡಾರನೆ ಬಿತ್ತು. ಬೆಚ್ಚಿ ತಿರುಗಿದೆ. ತಿರುಗಬಾರದಿತ್ತು! ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳು ದುಪಟ್ಟಾ ಬಾಯಿಗೆ ಒತ್ತಿಕೊಂಡಿದ್ದಳು. ಅವಳಪ್ಪ ಮಾತ್ರ ನಗದೆ ಎದ್ದು ನಿಂತರು. ಮುಗಿಯಿತು ನನ್ನ ಕಥೆ ಎನ್ನಿಸಿತು. ಆದರೂ ಹಾಳು ಬಾಯಿ ಹಾಡುತ್ತಲೇ ಇತ್ತು.

ಅವರು ಬಾಗಿಲ ಕಡೆ ಹೋಗಲಿಲ್ಲ, ಸ್ಟೇಜ್ ಹತ್ತಿದರು. ಕಾರ್ಯಕ್ರಮದ ಕೊನೆಗೆ ನಮ್ಮ ಹೆಗಲಿಗೆ ಹೊದಿಸಲೆಂದು ತಟ್ಟೆಯಲ್ಲಿಟ್ಟಿದ್ದ ಸನ್ಮಾನದ ಶಾಲು ಎತ್ತಿಕೊಂಡು, ನನ್ನ ಸೊಂಟಕ್ಕೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದರು. ಅಷ್ಟರಲ್ಲಿ ಚರಣ ಮುಗಿದು ಕೀಬೋರ್ಡಿನ ಸರದಿ ಬಂದಿತ್ತು. ಅವರು ನನ್ನ ಕಿವಿಯ ಬಳಿ ಬಗ್ಗಿದರು. ಗುಟ್ಟಾಗಿ ಹೇಳಬೇಕೆಂದೇ ಇದ್ದರೇನೋ, ಆದರೆ ನನ್ನ ಕೈಯಲ್ಲಿನ ಮೈಕು ಇಬ್ಬರ ನಡುವೆಯೇ ಇತ್ತು.

"ಇಷ್ಟಾದ್ರೂ ಹಾಡು ಬಿಡ್ಲಿಲ್ವಲ್ಲ, ಗಟ್ಟಿಗ ಕಣಯ್ಯ ನೀನು. ಮದ್ವೆ ದಿನ ಮಾತ್ರ ಪಂಚೆ ಉಟ್ಕಂಡು ಬಾ."

ಇಡೀ ಮಂಟಪಕ್ಕೆ ಕೇಳಿಸಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಅವಳೇ. ಮುಂದಿನ ಚರಣಕ್ಕೆಂದು ಬಾಯಿ ತೆರೆದರೆ ಸಂತೋಷಕ್ಕೆ ಬರೀ ನಗುವೇ ಬಂತು. ಪ್ಯಾಂಟು ಬಿಚ್ಚಿಕೊಂಡಾಗಲೂ ನಿಲ್ಲದ ಹಾಡು ಅಲ್ಲಿ ನಿಂತುಹೋಯಿತು.