ಕಿಗ್ಗದ ತಿರುವಿನಲ್ಲಿ ಎರಡು ಸಲ ಬಂದ ಬಸ್ಸು

ಶೃಂಗೇರಿಯಿಂದ ಕಿಗ್ಗಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿ ನಾನೂ ಗೆಳತಿ ವನಿತಾಳೂ ನಮ್ಮ ಕಾಲೇಜಿನ ಕಿರುಚಿತ್ರಕ್ಕೆ ಜಾಗ ನೋಡುತ್ತಿದ್ದೆವು. ಬಸ್ಸು ಇಲ್ಲಿ ತಿರುಗಿದರೆ ಹೇಗೆ ಕಾಣುತ್ತದೆಂದು ತಿಳಿಯಬೇಕಿತ್ತು. ವನಿತಾ ಕ್ಯಾಮೆರಾ ಹೊಂದಿಸುವಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಅವಳ ಪೆಚ್ಚು ಮುಖ ಕಂಡು ಡ್ರೈವರ್ ಬಸ್ಸು ನಿಲ್ಲಿಸಿ ವಿಚಾರಿಸಿದರು. ಬಸ್ಸು ತಿರುಗುವುದನ್ನು ಚಿತ್ರೀಕರಿಸಲು ಆಗಲಿಲ್ಲವೆಂದೆವು.

ಕಿಟಕಿಯಲ್ಲಿದ್ದ ಹೆಂಗಸೊಬ್ಬರು, “ಹಿಂದೆ ಹೋಗಿ ಇನ್ನೊಂದ್ಸಲ ಬರುವ ಮಾರಾಯ್ರೆ, ಎಂತ ಅವಸರ?” ಎಂದರು.

ಯಾರೂ ಬೇಡವೆನ್ನಲಿಲ್ಲ. ಕಂಡಕ್ಟರ್ ಇಳಿದು, “ಬರ್ಲಿ, ಬರ್ಲಿ” ಎನ್ನುತ್ತ ಬಸ್ಸನ್ನು ತಿರುವಿನಾಚೆಗೆ ಹಿಂದೆ ತೆಗೆಸಿದರು. ಅದು ಮತ್ತೆ ಬಂದಾಗ ಎಲ್ಲರೂ ತಲೆಗೂದಲು ಸರಿಮಾಡಿಕೊಂಡು ಕಿಟಕಿಗಳ ತುಂಬ ನಗುತ್ತಿದ್ದರು.

ನಾವು ಬರೆದ ಕತೆಯ ಕೊನೆಗೆ ಬರುವುದು ಖಾಲಿ ಬಸ್ಸು. ಅದನ್ನು ನೆನಪಿಸಿದೆ.

“ಕತೆ ಬದಲಾಯಿಸೋಣ ಕಣೇ,” ಎಂದಳು ವನಿತಾ, ಕೈ ಬೀಸುತ್ತ.