ಕೆಂಪು ಸೀರೆ, ಕರಿ ಕಂಬಳಿ

ಅಂಗಳ ಗುಡಿಸಿ, ನಲ್ಲಿ ನೀರು ಹಿಡಿದು, ಸ್ಟೌವಿಗೆ ಸೀಮೆಎಣ್ಣೆ ತುಂಬಿ, ಇದ್ದುದರಲ್ಲೇ ಒಳ್ಳೆಯ ಕೆಂಪು ಸೀರೆ ಉಟ್ಟು ಚಂದ್ರವಳ್ಳಿ ಕೆರೆಗೆ ಹೋದೆ. ವಿಜ್ಞಾನದ ಮೇಷ್ಟ್ರು ನಮ್ಮ ಬೀದಿಯವರಿಗೆ ಹಕ್ಕಿ ತೋರಿಸುವವರಿದ್ದರು. ನನ್ನನ್ನು ಕಂಡದ್ದೇ ತಡ, ದಡದ ಬೆಳ್ಳಕ್ಕಿಗಳೆಲ್ಲ ಹಾರಿಹೋದವು.

“ಅಮ್ಮಾರೆ, ಆ ಸೀರೆ ಕಂಡ್ರೆ ಒಂದೂ ನಿಲ್ಲಲ್ಲ. ಮರದ ಹಿಂದೆ ಕೂತ್ಕಳ್ರಿ,” ಎಂದರು ಮೇಷ್ಟ್ರು. ಅಲ್ಲಿಂದ ಕೆರೆಯೇ ಕಾಣುತ್ತಿರಲಿಲ್ಲ. ನನಗೆ ಅಳುವೇ ಬಂತು.

ಕುರಿಗೆ ನೀರು ಕುಡಿಸಲು ಬಂದಿದ್ದ ಅಜ್ಜ ನಕ್ಕ. “ಈ ಕಂಬ್ಳಿ ಹೊದ್ಕಂಡು ನನ್ನ ಕುರಿ ನಡುವೆ ಕುಂತ್ಕಳವ್ವ. ಕುರಿಗೆ ಯಾವ ಹಕ್ಕಿ ಹೆದರ್ತೈತೆ?”

ಕೂತೆ. ಸ್ವಲ್ಪ ಹೊತ್ತಿಗೆ ಬೆಳ್ಳಕ್ಕಿಯೊಂದು ಪಕ್ಕದ ಕುರಿಯ ಬೆನ್ನೇರಿ, ಹಳದಿ ಕೊಕ್ಕು ತಿರುಗಿಸಿ ನನ್ನನ್ನೇ ನೋಡಿತು. ದೂರದಿಂದ ದುರ್ಬೀನಿನಲ್ಲಿ ನೋಡಿದ್ದ ಮೇಷ್ಟ್ರು ಆಮೇಲೆ, “ನನಗೂ ಒಂದು ಕಂಬ್ಳಿ ಕೊಡಿಸ್ರಿ,” ಎಂದರು.

ರಾತ್ರಿ ಮುದ್ದೆ, ಹುರುಳಿ ಸಾರು ಉಂಡೆವು. ಹಕ್ಕಿ ನನ್ನನ್ನು ನೋಡಿದ್ದನ್ನು ಮೂರನೆಯ ಸಲ ಹೇಳುತ್ತಿರುವಾಗಲೇ ಯಜಮಾನರು ನಿದ್ದೆಹೋದರು.